ಬೇಸ್ ಗಿಟಾರ್ ಒಂದ ತರ್ರಿ

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಹಿಡಿಯಬೇಕೆಂದು ಹೊರಟವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮದುವೆಗೆ ಬಂದ ಬೀಗರು ನಿಮ್ಮ ಕಡೆ ನೋಡುವುದಿಲ್ಲ. ಫೋಟೋ ತೆಗೆಯುವವನು ನಿಮ್ಮನ್ನು ಅರ್ಧಕ್ಕೆ ಕತ್ತರಿಸುತ್ತಾನೆ. ಊಟಕ್ಕೆ ಕರೆಯುವಾಗ ಹಾಡುವವರ ಹೆಸರು ಹಿಡಿದು ಕರೆದು, ನಿಮಗೆ ಮಾತ್ರ "ಅಣ್ಣಾರ, ನೀವೂ ಬರ್ರಿ" ಎನ್ನುತ್ತಾರೆ. ನೀವು ತಪ್ಪು ಬಾರಿಸಿದರೆ ಯಾರಿಗೂ ತಿಳಿಯುವುದಿಲ್ಲ, ಸರಿ ಬಾರಿಸಿದರೂ ತಿಳಿಯುವುದಿಲ್ಲ. ಇಷ್ಟನ್ನು ಅರಗಿಸಿಕೊಳ್ಳುವ ಹೊಟ್ಟೆ ಇದ್ದರೆ ಇದರಷ್ಟು ಸುಖದ ಕೆಲಸ ಇನ್ನೊಂದಿಲ್ಲ.

ನನ್ನ ಬೆರಳುಗಳು ಈಗ ತಂತಿಯ ಮಾತು ಕೇಳುವುದಿಲ್ಲ, ಹಾಗಾಗಿ ಬಿಟ್ಟಿದ್ದೇನೆ. ಗಂಗಾವತಿಯ ಹೊಸ ತಂಡಗಳವರು ಆಗಾಗ ಮನೆಗೆ ಬಂದು "ಆವಾಗ ಹೆಂಗಿತ್ರಿ ಸರ್?" ಎಂದು ಕೇಳುತ್ತಾರೆ. ಅವರಲ್ಲಿ ಕೀಬೋರ್ಡಿನವರ ಎಡಗೈಯೇ ಬೇಸ್ ಬಾರಿಸಿ ಮುಗಿಸುತ್ತದೆ. ಹಾಡು ಕಲಿಯಬೇಕೆಂದರೆ ಫೋನಿನಲ್ಲಿ ನಿಧಾನ ಮಾಡಿಕೊಂಡು ಕೇಳುತ್ತಾರೆ. ಯಾವ ಊರಿನಲ್ಲಿ ಯಾರು ನನಗೆ ಶಾಲು ಹೊದಿಸಿದರು ಎಂಬುದನ್ನು ನಾನು ಅವರಿಗೆ ಹೇಳುವುದಿಲ್ಲ, ಅದು ನನಗೇ ನೆನಪಿಲ್ಲ. ನೆನಪಿರುವುದು ಪಜೀತಿಗಳು.

ನಮ್ಮದು ಹಿಟ್ನಾಳದ ಒಕ್ಕಲುತನದ ಮನೆ. ಎಪ್ಪತ್ತರ ದಶಕದಲ್ಲಿ ನಾನು ಗಂಗಾವತಿಯ ಮಾಬುಸಾಬರ ಬ್ಯಾಂಡ್ ಸೆಟ್ಟಿನಲ್ಲಿ ದೊಡ್ಡ ಡೋಲು ಬಾರಿಸುತ್ತಿದ್ದೆ. ಕೆಂಪು ಕೋಟು, ಭುಜದ ಮೇಲೆ ಹಳದಿ ಗೊಂಡೆ, ನೆತ್ತಿಯ ಮೇಲೆ ರಣರಣ ಬಿಸಿಲು. ಮೆರವಣಿಗೆಯಲ್ಲಿ ಮದುಮಗ ಕುಳಿತ ಕುದುರೆಗಿಂತ ಹೆಚ್ಚು ಬೆವರುತ್ತಿದ್ದವನು ನಾನೇ. ಎಂಬತ್ತರ ಹೊತ್ತಿಗೆ ಮದುವೆ ಮನೆಯವರು ಬ್ಯಾಂಡ್ ಬಿಟ್ಟು "ಆರ್ಕೆಸ್ಟ್ರಾ ಐತೇನ್ರಿ?" ಎಂದು ಕೇಳತೊಡಗಿದರು. ಮಾಬುಸಾಬರು ಗಾಳಿ ಬಂದ ಕಡೆ ತೂರಿಕೊಳ್ಳುವ ಮನುಷ್ಯ. ಹುಬ್ಬಳ್ಳಿಗೆ ಹೋಗಿ ಹಳೆಯ ಡ್ರಮ್ ಸೆಟ್ಟು, ಹಾಡಿನ ಧಾಟಿ ನುಡಿಸಲು ಒಂದು ಲೀಡ್ ಗಿಟಾರ್, ಕೆಳಗಿನ ಸ್ವರಕ್ಕೆ ಒಂದು ಬೇಸ್ ಗಿಟಾರ್ ತಂದು ಅಂಗಳದಲ್ಲಿ ಹರಡಿದರು. ಬ್ಯಾಂಡಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹಂಚತೊಡಗಿದರು. ನನ್ನ ಸರದಿ ಬಂದಾಗ ಒಂದು ಕ್ಷಣವೂ ಯೋಚಿಸಲಿಲ್ಲ.

"ಈರಣ್ಣ, ದೊಡ್ಡ ಡೋಲ ಬಾರ್ಸಾಂವಗ ದಪ್ಪ ತಂತಿ. ನೋಡು, ಆ ಗಿಟಾರಿಗೆ ಆರು ತಂತಿ ಅದಾವು, ಇದಕ ನಾಕ. ನಿನಗ ಎರಡು ಕಡಿಮಿ. ಲಗೂನ ಕಲೀತಿ."

ಬಿಸಿಲಿನಿಂದ ಪಾರಾದೆನಲ್ಲ ಎಂಬ ಖುಷಿಗೆ ನಾನು ಗಿಟಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆದೆ. ಆದರೆ ಅದನ್ನು ಹೇಗೆ ಬಾರಿಸಬೇಕೆಂದು ನನಗೂ ಗೊತ್ತಿರಲಿಲ್ಲ, ಕೊಟ್ಟವರಿಗೂ ಗೊತ್ತಿರಲಿಲ್ಲ. ನಮ್ಮ ತಂಡದ ಹಾಡುಗಾರ್ತಿ ಸರೋಜಕ್ಕ ಏನು ಹಾಡುತ್ತಿದ್ದಳೋ ಅದನ್ನೇ ನಾನು ದಪ್ಪ ತಂತಿಯಲ್ಲಿ ಹಿಂಬಾಲಿಸುತ್ತಿದ್ದೆ. ಅವಳು ಮೇಲೇರಿದರೆ ನಾನೂ ಏರುತ್ತಿದ್ದೆ, ಅವಳು ಉಸಿರು ತೆಗೆದುಕೊಂಡರೆ ನಾನೂ ನಿಲ್ಲುತ್ತಿದ್ದೆ. ಸರೋಜಕ್ಕ ನೇರ ಮಾತಿನವಳು.

"ನನ್ನ ಹಿಂದ ಹಿಂದ ಯಾಕ ಬರ್ತಿಯೋ ಮಾರಾಯ? ನಾ ಎಲ್ಲೂ ಓಡಿ ಹೋಗಂಗಿಲ್ಲ. ನೀ ನನ್ನ ಕಾಲ ಕೆಳಗಿನ ನೆಲಾ ಆಗಬೇಕು."

ನೆಲವಾಗುವುದು ಹೇಗೆಂದು ಅವಳಿಗೂ ತಿಳಿಯದು.

ಕುಷ್ಟಗಿಯ ಒಂದು ಮದುವೆಯಲ್ಲಿ ನಮ್ಮ ಮರ್ಯಾದೆ ಹರಾಜಾಯಿತು. ಆಗೆಲ್ಲ ಊರ ಮೈಕ್ ಸೆಟ್ಟಿನವನು ಕಟ್ಟಿದ ಹಾರ್ನ್ ಸ್ಪೀಕರಿಗೇ ನಮ್ಮ ವಾದ್ಯಗಳನ್ನು ಜೋಡಿಸುತ್ತಿದ್ದೆವು, ಗಿಡದ ಟೊಂಗೆಗೆ ಕಟ್ಟುತ್ತಿದ್ದ ಧತ್ತೂರಿ ಹೂವಿನ ಆಕಾರದ ತಗಡಿನ ಸ್ಪೀಕರು. ಹಾಡುವವರ ದನಿಗೆ ಅದು ಪರವಾಗಿಲ್ಲ. ಬೇಸ್ ಗಿಟಾರಿನ ದನಿ ಅದರಲ್ಲಿ ಬರುವುದೇ ಇಲ್ಲ, ಬಂದರೆ ಗಡಗಡ ಎನ್ನುತ್ತದೆ. ಅಂದು ನನ್ನ ಗಿಟಾರ್ ಕೇಳಿಸಲೇಬೇಕೆಂದು ನಾನು ದನಿಯ ತಿರುಪನ್ನು ಪೂರ್ತಿ ತಿರುವಿದೆ. ಮೊದಲ ಪೆಟ್ಟಿಗೆ ಚಪ್ಪರದ ಹಿಂದಿನ ಸಾಲಿನವರು ದಡಬಡಿಸಿ ಎದ್ದು ಕುರ್ಚಿಗಳನ್ನು ಎಳೆದುಕೊಂಡು ಬದಿಗೆ ಸರಿದರು. ರಸ್ತೆಯಲ್ಲಿ ಲಾರಿ ಹಿಂದಕ್ಕೆ ಬರುತ್ತಿದೆ ಎಂದುಕೊಂಡಿದ್ದರಂತೆ. ಒಬ್ಬಾತ "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ. ಆಮೇಲೆ ದನಿ ಇಳಿಸಿದೆ, ಏನೂ ಕೇಳಿಸದಾಯಿತು. ಮದುಮಗಳ ಸೋದರಮಾವ ಮಾಬುಸಾಬರ ಬಳಿ ಹೋಗಿ, "ಆ ಅಣ್ಣ ಯಾಕ ಸುಮ್ನ ತಂತಿ ಕೆರಕೊಂತ ನಿಂತಾನ?" ಎಂದು ವಿಚಾರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾಬುಸಾಬರು ತೀರ್ಪು ಕೊಟ್ಟರು. "ಈ ಲಗ್ನದ ಸೀಸನ್ ಮುಗಿಯೂತನ ನೋಡ್ತೀನಿ ಈರಣ್ಣ. ಒಬ್ಬರರ ಬಂದು 'ಆ ದಪ್ಪ ಗಿಟಾರ್ ಕೇಳ್ತು' ಅಂದ್ರ ಇರ್ಲಿ. ಇಲ್ಲಂದ್ರ ಅದನ್ನ ಕೊಟ್ಟು ಎಕೋ ಮಷೀನ್ ತರೂದು. ಹಾಡಿನ ಹಿಂದ ಹಾಡು ಬಂದ್ರ ಮಂದಿಗೆ ಖುಷಿ. ನೀ ಮತ್ತ ಡೋಲು ಹಿಡಿ."

ದನಿಯನ್ನು ಬಾವಿಯಲ್ಲಿ ಕೂಗಿದಂತೆ ಮರುಕಳಿಸುವ ಎಕೋ ಯಂತ್ರಕ್ಕೆ ಆಗ ಎಲ್ಲ ತಂಡಗಳವರೂ ಹುಚ್ಚಾಗಿದ್ದರು. ಮಾಬುಸಾಬರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಗಿಟಾರ್ ಬಿಡಲು ನನಗೆ ಮನಸ್ಸಾಗಲಿಲ್ಲ. ಬಿಸಿಲಿನ ಭಯವಷ್ಟೇ ಅಲ್ಲ. ಅಷ್ಟರಲ್ಲಿ ಆ ಗಿಟಾರನ್ನು ನಾನು ಬಹಳ ಹಚ್ಚಿಕೊಂಡಿದ್ದೆ. ರಾತ್ರಿ ಮಲಗಿದಾಗ ಅದರ ಗುಂಯ್ ಎನ್ನುವ ದನಿ ಎದೆಯಲ್ಲೇ ಇರುತ್ತಿತ್ತು.

ಯಾರೋ ಹೇಳಿದರು, ಕೊಪ್ಪಳದಲ್ಲಿ ಡೇವಿಡ್ ಮಾಸ್ತರ್ ಅಂತ ಒಬ್ಬರಿದ್ದಾರೆ, ಹೋಗು ಎಂದು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾಗಿ, ನರ್ಸ್ ಆಗಿದ್ದ ಮಗಳ ಜೊತೆ ಇದ್ದರು. ಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ಮಂದಿಯ ಡ್ಯಾನ್ಸುಗಳಲ್ಲಿ ಬೇಸ್ ಬಾರಿಸಿದವರು. ನಾನು ಹೋದಾಗ ಪಂಚೆ ಉಟ್ಟು ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನ ಗಿಟಾರ್ ನೋಡಿದವರೇ ಕೈಯಲ್ಲಿದ್ದ ತಂಬಿಗೆಯನ್ನು ನನಗೆ ಕೊಟ್ಟು, ಗಿಟಾರನ್ನು ತಾವು ತೆಗೆದುಕೊಂಡರು. ಉಳಿದ ಗಿಡಗಳಿಗೆ ನಾನೇ ನೀರು ಹಾಕಿದೆ.

ಅವರು ಟೇಪ್ ರೆಕಾರ್ಡರಿನಲ್ಲಿ ಒಂದು ಇಂಗ್ಲಿಷ್ ರಾಕ್ ಹಾಡು ಹಚ್ಚಿದರು. ಊರಲ್ಲಿ ಯಾರಿಗೂ ಗೊತ್ತಿರದ ಹಾಡು, ಹಾಡಿದವರು ಯಾರೆಂದು ಅವರಿಗೂ ಮರೆತಿತ್ತು. "ಹಾಡಾಂವನ ಬಿಡು. ಕೆಳಗ ಏನ ನಡದೈತಿ ಕೇಳು" ಎಂದರು. ನಾನು ಕಿವಿಯನ್ನು ಟೇಪಿಗೆ ಒತ್ತಿ ಹಿಡಿದೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಹಾಡಿನ ಅಡಿಯಲ್ಲಿ ಯಾರೋ ನಡೆದಾಡುತ್ತಿರುವುದು ಕೇಳಿಸಿತು. ಒಮ್ಮೆ ಕೇಳಿಸಿದ ಮೇಲೆ ಬೇರೆ ಏನೂ ಕೇಳಿಸದಾಯಿತು. ಅವತ್ತಿನ ನನ್ನ ಸಂತೋಷವನ್ನು ಹೇಗೆ ಹೇಳಲಿ? ಇಷ್ಟು ದಿನ ಕೇಳಿದ ಹಾಡುಗಳನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಕೇಳಬೇಕು ಅನ್ನಿಸಿತು.

"ಮೊದ್ಲ ಬಾಯಿಲೆ ಹೇಳು, ಬೆರಳಿಗೆ ಆಮ್ಯಾಲೆ ಕೆಲಸ ಕೊಡೂಣು" ಎಂದು ಮಾಸ್ತರರು ಆ ಹಾಡಿನ ಬೇಸನ್ನು ಡೂಂ ಡಡ, ಡೂಂ ಡಡ ಎಂದು ಹೇಳಿಕೊಟ್ಟರು. ಭಾಳ ಸರಳವಾದದ್ದು, ಸಣ್ಣ ಮಗುವಿಗೂ ಬರುವಂಥದ್ದು. ನನಗೆ ಬರಲಿಲ್ಲ. ಅಲ್ಲಿ ಸರಿ ಹೇಳುತ್ತಿದ್ದೆ, ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಕಲಸುಮೇಲೋಗರವಾಗುತ್ತಿತ್ತು.

ದಾರಿ ತೋರಿಸಿದವನು ನಮ್ಮೂರಿನ ಬಸ್ಸಿನ ಕಂಡಕ್ಟರ್. ಕೊಪ್ಪಳದ ನಿಲ್ದಾಣದಲ್ಲಿ ಬಾಗಿಲಿಗೆ ಜೋತುಬಿದ್ದು ಅವನು ಒಂದೇ ಸಮನೆ ಕೂಗುತ್ತಿದ್ದ: "ಹಿಟ್ನಾಳ, ಹಿಟ್ನಾಳ, ಗಂಗಾವತಿ! ಹಿಟ್ನಾಳ, ಹಿಟ್ನಾಳ, ಗಂಗಾವತಿ!" ನಾನು ನಿಂತಲ್ಲೇ ನಿಂತುಬಿಟ್ಟೆ. ಮಾಸ್ತರರ ಡೂಂ ಡಡ ಅದೇ! ಎರಡು ಹಿಟ್ನಾಳ ಒಂದೇ ಸ್ವರದಲ್ಲಿ; ಗಂಗಾವತಿಗೆ ಬಂದಾಗ ಮೇಲೇರಿ ಮತ್ತೆ ಇಳಿಯುವುದು. ಬಸ್ಸಿನಲ್ಲಿ ಊರು ಬರುವವರೆಗೂ ಸೀಟಿನ ಕಬ್ಬಿಣದ ಮೇಲೆ ಬೆರಳಾಡಿಸಿಕೊಂಡು ಹಿಟ್ನಾಳ ಹಿಟ್ನಾಳ ಎನ್ನುತ್ತಿದ್ದೆ. ಪಕ್ಕದ ಮುದುಕ ಕನಿಕರದಿಂದ, "ತಮ್ಮಾ, ಹಿಟ್ನಾಳ ಬಂದಾಗ ನಾ ಎಬ್ಬಸ್ತೀನಿ, ನೀ ಮಲ್ಕೋ" ಎಂದ.

ಮುಂದಿನ ವಾರ ಬಾರಿಸಿ ತೋರಿಸಿದಾಗ ಡೇವಿಡ್ ಮಾಸ್ತರರು ಕಣ್ಣು ಅಗಲ ಮಾಡಿದರು. "ಯಾರ ಕಲಿಸಿದ್ರು?"

"ಕಂಡಕ್ಟರ್ ರೀ."

ಅವರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಆದರೆ ನನ್ನಲ್ಲಿ ಇನ್ನೊಂದು ದೋಷವಿತ್ತು. ಗಂಗಾವತಿ ಆದ ಮೇಲೆ ಹಾಡಿನಲ್ಲಿ ಒಂದು ಖಾಲಿ ಜಾಗ ಬರುತ್ತದೆ, ಅಲ್ಲಿ ಬೇಸ್ ಸುಮ್ಮನಿರಬೇಕು. ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ, ಏನಾದರೂ ತುರುಕುತ್ತಿದ್ದೆ. ಮಾಸ್ತರರು ನನ್ನ ಕೈ ಹಿಡಿದರು.

"ಅಲ್ಲಿ ಏನೂ ಬಾರಸಬ್ಯಾಡ."

"ಯಾಕ್ರಿ?"

"ಗಂಗಾವತಿ ಬಂತಲ್ಲ. ಮಂದಿ ಇಳೀಲಿ."

ಬೇಸ್ ವಾದನದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ಮೇಲಿನ ಒಗ್ಗರಣೆ.

ಟೇಪಿನ ಆ ಇಂಗ್ಲಿಷ್ ಹಾಡನ್ನು ಸರೋಜಕ್ಕನಿಗೂ ಮಾಬುಸಾಬರಿಗೂ ಕೇಳಿಸಲೆಂದು ಮಾಸ್ತರರನ್ನು ಒಂದು ಭಾನುವಾರ ಗಂಗಾವತಿಗೆ ಕರೆತಂದೆ. ಮಾಬುಸಾಬರ ಅಂಗಳದಲ್ಲಿ ಬೇವಿನ ನೆರಳಿಗೆ ಕುಳಿತೆವು. ಮಾಸ್ತರರು ಸಾಲು ಸಾಲಾಗಿ ಅರ್ಥ ಹೇಳಿದರು. ಒಬ್ಬ ಮನುಷ್ಯ ಸ್ಟೇಷನ್ನಿಗೆ ಬರುತ್ತಾನೆ. ಅವನ ರೈಲು ಹೋಗಿಬಿಟ್ಟಿದೆ. ಅವನು ಗಂಟು ಕೆಳಗಿಟ್ಟು ಚಹಾ ತೆಗೆದುಕೊಳ್ಳುತ್ತಾನೆ. ರೈಲು ಹೋಯಿತು, ಚಹಾ ಬಿಸಿಯಾಗಿದೆ ಎಂದು ಹಾಡುತ್ತಾನೆ. ಅಷ್ಟೇ ಹಾಡು.

ಮಾಬುಸಾಬರಿಗೆ ಸಮಾಧಾನವಾಗಲಿಲ್ಲ. "ರೈಲ ತಪ್ಪಿಸಿಕೊಂಡಾಂವಗ ಹಾಡಾಕ ಹೆಂಗ ಮನಸ ಬರ್ತೈತ್ರಿ? ಹಾಡಿದ್ರೂ ಅಳೂ ಹಾಡು ಹಾಡಬೇಕು. ಇಂವಾ ಕುಣಿಯಾಕತ್ಯಾನಲ್ಲ!"

"ಚಾಚಾ, ಅಂವಗ ಹೋಗಾಕ ಮನಸ ಇದ್ದಿದ್ದಿಲ್ಲ" ಎಂದಳು ಸರೋಜಕ್ಕ. "ಮನ್ಯಾಗ ಹೋಗು ಅಂದಾರ, ಗಂಟು ಕಟ್ಟಿ ಕೊಟ್ಟಾರ. ಇಂವಾ ಬೇಕಂತನ ದಾರ್ಯಾಗ ಹೊತ್ತು ಮಾಡ್ಯಾನ."

"ಟಿಕೀಟ್ ತಗಸ್ಯಾನೇನ್ರಿ ಅಂವಾ?" ಎಂದು ಮಾಬುಸಾಬರು ಮಾಸ್ತರರನ್ನೇ ಕೇಳಿದರು.

"ಹಾಡಿನಾಗ ಹೇಳಿಲ್ರಿ."

"ಹಂಗಾರ ಟಿಕೀಟ್ ಇದ್ದಿದ್ದಿಲ್ಲ. ಅದಕ ಖುಷಿ."

ನಾವು ನಕ್ಕೆವು. ನಾನು, ಪ್ಲಾಟ್‌ಫಾರ್ಮಿನಲ್ಲಿ ಇನ್ಯಾರೋ ಇದ್ದಿರಬೇಕು, ಅವರನ್ನು ನೋಡಿ ಇವನ ಜೀವಕ್ಕೆ ಹಿತವಾಗಿದೆ ಎಂದೆ. ಆಗಿನ್ನೂ ನನ್ನ ಮದುವೆಯಾಗಿರಲಿಲ್ಲ, ಅದಕ್ಕೆ ಹಾಗೆ ಹೊಳೆದಿರಬೇಕು. ಕೊನೆಗೆ ಮಾಸ್ತರರು ಮಾತಾಡಿದರು.

"ನಾ ಗಾರ್ಡ್ ಇದ್ದಾಂವ. ಕಡೀ ಡಬ್ಬಿಯೊಳಗ ನಿಂತು ಹಸರ ಬಾವುಟ ತೋರ್ಸಿದ ಮ್ಯಾಲೆ, ಹಿಂದ ಉಳದ ಮಂದಿ ಬ್ಯಾರೆ ಯಾರಿಗೂ ಕಾಣಂಗಿಲ್ಲ, ನನಗ ಒಬ್ಬನಿಗೆ ಕಾಣತಾರ. ಮೊದ್ಲ ಓಡತಾರ. ಆಮ್ಯಾಲೆ ನನಗ ಬೈತಾರ. ಆಮ್ಯಾಲೆ, ನೋಡ್ರಿ, ನಿಂತ ಬಿಡತಾರ. ಒಬ್ಬೊಬ್ಬರು ನಗತಾರ. ಯಾಕ ನಗತಾರ ಅಂತ ಇಳದು ಕೇಳಬೇಕನಸ್ತಿತ್ತು. ಹೆಂಗ ಇಳೀಲಿ? ನನ್ನ ರೈಲು ಹೊಂಟಿರತಿತ್ತು."

ಸರೋಜಕ್ಕ ಅಲ್ಲೇ ಕುಳಿತು ಅದಕ್ಕೆ ನಮ್ಮ ಮಾತಿನ ಪದ ಕಟ್ಟಿದಳು: "ಹೋತು ಹೋತು, ಹೋಗ್ಲಿ ಬಿಡು, ಚಾ ಇನ್ನಾ ಬಿಸಿ ಐತಿ." ಹಿಟ್ನಾಳ ಹಿಟ್ನಾಳದ ಮೇಲೆ ಅದು ಹೇಳಿ ಮಾಡಿಸಿದಂತೆ ಕುಳಿತಿತು. ಹೊರಡುವ ಮೊದಲು ಮಾಸ್ತರರು ಹಾರ್ನ್ ಸ್ಪೀಕರಿನ ಕಥೆ ಕೇಳಿ ತಲೆ ಚಚ್ಚಿಕೊಂಡು, ಬೇಸಿಗೆ ಅದರದೇ ಕಟ್ಟಿಗೆಯ ಪೆಟ್ಟಿಗೆ ಬೇಕು, ದೊಡ್ಡ ಸ್ಪೀಕರ್ ಬೇಕು, ಒಳಗೆ ಮೆತ್ತಗೆ ಏನಾದರೂ ತುಂಬಬೇಕು ಎಂದರು. ಬಡಿಗೇರರಿಂದ ಪೆಟ್ಟಿಗೆ ಮಾಡಿಸಿದೆ. ಮೆತ್ತಗಿನದು ಏನು ತುಂಬುವುದು? ಆನೆಗೊಂದಿಯಿಂದ ಒಂದು ಹೊರೆ ಬಾಳೆ ನಾರು ತಂದು ಒತ್ತಿ ತುಂಬಿದೆ. ಪೆಟ್ಟಿಗೆ ಹೊಸದರಲ್ಲಿ ಬಾಳೆ ತೋಟದ ವಾಸನೆ ಬರುತ್ತಿತ್ತು, ಆದರೆ ಗಡಗಡ ನಿಂತಿತು.

ಸೀಸನ್ ಮುಗಿಯುತ್ತ ಬಂದರೂ ದಪ್ಪ ಗಿಟಾರ್ ಕೇಳಿತೆಂದು ಹೇಳಿದ ಒಬ್ಬ ಮಹಾರಾಯನೂ ಸಿಗಲಿಲ್ಲ. ಹಾಡು ಚಲೋ ಇತ್ತು ಎನ್ನುತ್ತಿದ್ದರು, ಡ್ರಮ್ ಭಾರಿ ಇತ್ತು ಎನ್ನುತ್ತಿದ್ದರು. ನಾನು ಊಟದ ಪಂಕ್ತಿಯಲ್ಲಿ ಕಿವಿ ನಿಮಿರಿಸಿ ಕೂಡುತ್ತಿದ್ದೆ. ಅಷ್ಟರಲ್ಲಿ ಮಾಬುಸಾಬರು ಹೊಸಪೇಟೆಯ ಅಂಗಡಿಯಲ್ಲಿ ಎಕೋ ಮಷೀನ್ ನೋಡಿ ಬೆಲೆ ಮಾತಾಡಿಕೊಂಡೂ ಬಂದರು.

ಆಗ ಬಂದವರು ಮಂಗಳೂರಿನ ಬಸನಗೌಡರು. ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಅಕ್ಕಿ ಒಯ್ಯಲು ಗಂಗಾವತಿಗೆ ಬಂದವರು ನಮ್ಮನ್ನೂ ಗೊತ್ತು ಮಾಡಲು ಬಂದರು. ಮಾಬುಸಾಬರು ಪಟಪಟ ವಾದ್ಯಗಳ ಹೆಸರು ಹೇಳಿದರು: ಡ್ರಮ್ಮು, ಅಕಾರ್ಡಿಯನ್ನು, ಲೀಡ್ ಗಿಟಾರು, ಬೇಸ್ ಗಿಟಾರು.

ಗೌಡರು ಕೈ ಎತ್ತಿ ತಡೆದರು. "ಎರಡ ಗಿಟಾರ್ ಯಾಕ್ರಿ? ಬೇಸ್ ಗಿಟಾರ್ ಒಂದ ತರ್ರಿ, ಸಾಕು."

ಮಾಬುಸಾಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಬೇಸ್ ಗಿಟಾರನ್ನು ಕೇಳಿ ಕರೆಸುವ ರಸಿಕರು ನಮ್ಮ ಸೀಮೆಯಲ್ಲಿ ಇದ್ದಾರೆಯೇ! ನಾನು ಗೌಡರಿಗೆ ಬಾಗಿ ನಮಸ್ಕಾರ ಮಾಡಿದೆ. ಲೀಡ್ ಗಿಟಾರಿನವನು ರಜೆ ಸಿಕ್ಕಿತೆಂದು ಹೊಸಪೇಟೆಗೆ ಬೀಗರ ಮನೆಗೆ ಹೋದ.

ಮಂಗಳೂರಿನಲ್ಲಿ ಗೌಡರ ಮನೆಯ ಮುಂದೆ ಚಪ್ಪರ ಹಾಕಿ, ದಪ್ಪ ಹಲಗೆಗಳನ್ನು ಜೋಡಿಸಿ ನಮಗೆ ಜಾಗ ಮಾಡಿದ್ದರು. ನಡು ಮಧ್ಯಾಹ್ನ. ಕರೆಂಟು ಇತ್ತು, ಅದೇ ಪುಣ್ಯ. ಹಲಗೆಯ ಒಂದು ಅಂಚಿಗೆ ಗೌಡರ ತಾಯಿ ನೀಲವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು, ಬಂದವರೆಲ್ಲ ಮುತ್ತಜ್ಜಿ ಮರಿಮೊಮ್ಮಗನನ್ನು ಒಟ್ಟಿಗೆ ನೋಡಲಿ ಎಂದು. "ಅವ್ವಗ ಪೂರಾ ಕಿವಿ ಕೇಳಂಗಿಲ್ರಿ, ಭಾಳ ವರ್ಷ ಆತು. ನಿಮ್ಮ ಸಪ್ಪಳದ್ದೇನೂ ತ್ರಾಸ ಆಗಂಗಿಲ್ಲ" ಎಂದು ಗೌಡರು ಹೇಳಿದರು. ನಾನು ನನ್ನ ಸ್ಪೀಕರ್ ಪೆಟ್ಟಿಗೆಯನ್ನು ನೀಲವ್ವನ ಪಕ್ಕದಲ್ಲೇ ಹಲಗೆಯ ಮೇಲೆ ಇಟ್ಟೆ.

ಎರಡು ಹಾಡಾಗುವಷ್ಟರಲ್ಲಿ ಗೌಡರು ಮಾಬುಸಾಬರ ಬಳಿ ಬಂದರು. "ಎಲ್ಲೈತ್ರಿ ಬೇಸ್ ಗಿಟಾರ್?"

"ಅಕಾ ನೋಡ್ರಿ, ಈರಣ್ಣನ ಕೈಯಾಗ ಐತಲ್ರಿ."

"ಅದು ಬರೇ ಗುಂಯ್ ಅನ್ನಾಕತ್ತೈತಿ. ಅದು ಬೇಸಾ?"

"ಅದ ಬೇಸ್ ರೀ ಗೌಡ್ರ."

"ಇದ ಬೇಸ್ ಇದ್ರ, ಕೆಟ್ಟದ್ದು ಹೆಂಗಿರತೈತ್ರಿ ಮಾಬುಸಾಬ್ರ?"

ಆಗ ನಮಗೆ ಬುದ್ಧಿ ಬಂತು. ನಮ್ಮ ಕಡೆ ಬೇಸ್ ಐತಿ ಎಂದರೆ ಚೆನ್ನಾಗಿದೆ ಎಂದು. ಹುಟ್ಟಿದಾಗಿನಿಂದ ಆಡುವ ಮಾತು. ಈ ಕಸುಬಿಗೆ ಬಿದ್ದ ಮೇಲೆ ಆ ಮಾತು ನಮಗೆ ಗಿಟಾರಿನ ಹೆಸರಾಗಿಬಿಟ್ಟಿತ್ತು. ಗೌಡರು ಕೇಳಿದ್ದು ಎರಡರಲ್ಲಿ ಚಲೋದನ್ನು. ನಾವು ಚಲೋದನ್ನು ಹೊಸಪೇಟೆಗೆ ಕಳಿಸಿ ಉಳಿದದ್ದನ್ನು ಹೊತ್ತುಕೊಂಡು ಬಂದಿದ್ದೆವು. ಸರೋಜಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಗೌಡರ ಮುಖ ಕೆಂಪಾಯಿತು. ಮಾಬುಸಾಬರು ನನ್ನತ್ತ ನೋಡಿದ ನೋಟದಲ್ಲಿ ಎಕೋ ಮಷೀನ್ ಸ್ಪಷ್ಟವಾಗಿ ಕಂಡಿತು.

ಜನ ಎದ್ದು ಊಟದ ಕಡೆ ಹೊರಟಿದ್ದರು. ಲೀಡ್ ಇಲ್ಲದೆ ನಮ್ಮ ಹಾಡುಗಳೆಲ್ಲ ಸೊರಗಿದ್ದವು. ಸರೋಜಕ್ಕ ನನ್ನ ಬಳಿ ಬಂದು ಮೆಲ್ಲಗೆ, "ಈರಣ್ಣ, ಹೆಂಗೂ ಹೋತು. ರೈಲಿನ ಹಾಡರ ಹಚ್ಚು" ಎಂದಳು. ಆ ಹಾಡು ಬೇಸಿನಿಂದಲೇ ಶುರುವಾಗುತ್ತದೆ, ಯಾರೂ ಜೊತೆಗಿರುವುದಿಲ್ಲ. ನಾನು ಕಣ್ಣು ಮುಚ್ಚಿ ಹಿಟ್ನಾಳ ಹಿಟ್ನಾಳ ಗಂಗಾವತಿ ಹಿಡಿದೆ. ಖಾಲಿ ಜಾಗದಲ್ಲಿ ಮಂದಿಯನ್ನು ಇಳಿಸಿದೆ. ಮತ್ತೆ ಹಿಡಿದೆ.

"ಯಾರ್ ಹಂತೀ ಹೊಡ್ಯಾಕತ್ತಾರ?"

ಕಿವುಡರು ಮಾತಾಡುವ ಎತ್ತರದ ದನಿ. ಕಣ್ಣು ತೆರೆದರೆ ನೀಲವ್ವ ಅಂಗೈಯನ್ನು ಹಲಗೆಯ ಮೇಲೆ ಒತ್ತಿ ಹಿಡಿದು, ಅತ್ತಿತ್ತ ನೋಡುತ್ತಿದ್ದರು. ಸರೋಜಕ್ಕ ಹಾಡಲು ತೆರೆದ ಬಾಯನ್ನು ಮುಚ್ಚಿದಳು. ಊಟಕ್ಕೆ ಹೊರಟವರು ತಿರುಗಿ ನಿಂತರು.

"ಬಸಣ್ಣ, ಹಂತಿ ಬಂತೋ! ಎತ್ತು ಬಂದ್ವು. ನನಗ ಕೇಳಾಕತ್ತೈತಿ!"

ಕಣದಲ್ಲಿ ನಡುವೆ ಮೇಟಿ ಕಂಬ ನೆಟ್ಟು, ಅದರ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವುದಕ್ಕೆ ನಾವು ಹಂತಿ ಎನ್ನುತ್ತೇವೆ. ಎತ್ತಿನ ಗೊರಸು ಬಿದ್ದಾಗ ಕಣದ ನೆಲ ಹೇಗೆ ಗುಮ್ಮೆನ್ನುತ್ತದೆ ಎಂಬುದು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತಿತ್ತು, ಗಿಟಾರಿನಲ್ಲಿ ಅದನ್ನು ಗುರುತಿಸಿರಲಿಲ್ಲ. ನಾನು ನಿಲ್ಲಿಸದೆ ಬಾರಿಸಿದೆ. ನೀಲವ್ವ ಇನ್ನೊಂದು ಅಂಗೈಯನ್ನು ನನ್ನ ಪೆಟ್ಟಿಗೆಯ ಮೇಲಿಟ್ಟರು. ಎತ್ತಿಗೆ ಹೇಳುವಂತೆ "ಹೋ... ಹೋ..." ಎಂದರು, ಸರಿಯಾಗಿ ಆ ಖಾಲಿ ಜಾಗದಲ್ಲಿ. ಚಪ್ಪರದಲ್ಲಿದ್ದ ಹೆಂಗಸರು ನಕ್ಕರು, ಮುಂದಿನ ಸಲ ಅವರೂ "ಹೋ" ಎಂದರು. ಸರೋಜಕ್ಕ ಹಾಡು ಎತ್ತಿದಳು. ಊಟದ ಚಿಂತೆ ಎಲ್ಲರೂ ಬಿಟ್ಟರು.

ಗೌಡರು ತಾಯಿಯ ಮುಂದೆ ಮಂಡಿಯೂರಿ, ಮುಷ್ಟಿ ತಿರುಗಿಸಿ ಗಾಲಿ ಮಾಡಿ, ಇದು ರೈಲಿನ ಹಾಡು ಎಂದು ಸನ್ನೆಯಲ್ಲಿ ತಿಳಿಸಿದರು. ನೀಲವ್ವ ಮಗನ ಕೈಯನ್ನು ಪಕ್ಕಕ್ಕೆ ತಳ್ಳಿದರು.

"ರೈಲಲ್ಲೋ ಹುಚ್ಚಪ್ಪ! ರೈಲು ಬಿಟ್ಟು ಹೋಗತೈತಿ. ಇದು ಹೋಗಂಗಿಲ್ಲ. ಮೇಟಿ ಸುತ್ತ ತಿರಗತೈತಿ, ಇಲ್ಲೇ ಇರತೈತಿ."

ಬೇವಿನ ನೆರಳಿನಲ್ಲಿ ನಾವೆಲ್ಲ ಜಗಳಾಡಿ ಹುಡುಕಿದ ಅರ್ಥವನ್ನು, ಹಾಡಿನ ಒಂದು ಪದವನ್ನೂ ಕೇಳದ ಆ ಮುದುಕಿ ಹೇಳಿಬಿಟ್ಟಿದ್ದರು. ರೈಲು ತಪ್ಪಿದ ಆ ಮನುಷ್ಯ ಯಾಕೆ ಖುಷಿಯಿಂದ ಹಾಡಿದನೆಂದು ನನಗೆ ಆಗ ತಿಳಿಯಿತು. ಅವನು ಇಲ್ಲೇ ಉಳಿದಿದ್ದ. ಎಷ್ಟು ಸಲ ಬಾರಿಸಿದೆವೋ ನೆನಪಿಲ್ಲ, ಬೆರಳ ತುದಿ ಉರಿಯುವವರೆಗೂ ಬಾರಿಸಿದೆ.

ನಿಲ್ಲಿಸಿದ ಮೇಲೆ ನೀಲವ್ವ ನನ್ನ ಕೈ ಎಳೆದು ಹತ್ತಿರ ಕೂಡಿಸಿಕೊಂಡರು. "ನಿನ್ನ ಹೆಸರೇನಪಾ?"

"ಈರಣ್ಣ ರೀ ಅಮ್ಮಾ."

ತಲೆ ಅಲ್ಲಾಡಿಸಿದರು. ನಾನು ಬಾಗಿ ಕಿವಿಯ ಹತ್ತಿರ ಕೂಗಿದೆ. ಆಗಲೂ ತಲೆ ಅಲ್ಲಾಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಮಾಬುಸಾಬರು ಗದರಿದರು.

"ಏ ಈರಣ್ಣ, ಬಾಯಿಲೆ ಯಾಕ ಒದರತಿ? ಅದರಾಗ ಹೇಳು. ಅದು ಕೇಳತೈತಿ ಅವರಿಗೆ."

ನನಗೆ ನಗುವೂ ಬಂತು, ಅಳುವೂ ಬಂತು. ನೀಲವ್ವನ ಅಂಗೈಯನ್ನು ಹಿಡಿದು ಪೆಟ್ಟಿಗೆಯ ಮೇಲಿಟ್ಟು, ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ಬಿಡಿಬಿಡಿಯಾಗಿ ಬಾರಿಸಿದೆ. ಈ. ರ. ಣ್ಣ.

"ಹಾಂ," ಎಂದರು ನೀಲವ್ವ, ಇಡೀ ಚಪ್ಪರಕ್ಕೆ ಕೇಳುವಂತೆ. "ಈಗ ಕೇಳ್ತು."